ಗುಳಿಗೆಯೊಳಗಿನ ಮದ್ದನ್ನು ವಿದ್ಯುತ್ತಿನಿಂದ ಅಳೆಯುವ ಬಗೆ

ಜ್ವರ ಬಂದಾಗಲೂ ತಲೆ ನೊಂದಾಗಲೂ ನಾವು ವೈದ್ಯರು ಬರೆದುಕೊಟ್ಟ ಗುಳಿಗೆಯನ್ನು ತರಿಸಿ, ನೀರಿನೊಡನೆ ನುಂಗಿ, ಗುಣವಾಗುವದೆಂಬ ಭರವಸೆಯಿಂದ ಮಲಗುತ್ತೇವೆ. ಗುಳಿಗೆಯ ಹೊದಿಕೆಯ ಮೇಲೆ "ಪ್ಯಾರಾಸಿಟಮಾಲ್ 500 ಮಿಲಿಗ್ರಾಂ" ಎಂದು ಅಚ್ಚು ಮಾಡಿರುತ್ತದೆ. ಅಕ್ಕಿಯನ್ನು ಕೊಳ್ಳುವಾಗ ತಕ್ಕಡಿಯ ಮುಳ್ಳನ್ನು ನೋಡುವೆವು. ಬೆಣ್ಣೆಯನ್ನು ಕೊಳ್ಳುವಾಗ ಮೂಸಿ ನೋಡುವೆವು. ಗುಳಿಗೆಯನ್ನು ಕೊಳ್ಳುವಾಗಲಾದರೋ ಆ ಅಚ್ಚಾದ ಅಂಕೆಯನ್ನು ನಂಬುವದಲ್ಲದೆ ನಮಗೆ ಬೇರೆ ದಾರಿ ಇಲ್ಲ. ತಕ್ಕಡಿಯಲ್ಲಿಟ್ಟು ತೂಗಿದರೆ ಗುಳಿಗೆಯು 600 ಮಿಲಿಗ್ರಾಂ ತೂಗೀತು. ಆದರೆ ಅದರಲ್ಲಿ ಮದ್ದೆಷ್ಟು, ಮದ್ದನ್ನು ಒಟ್ಟಾಗಿ ಹಿಡಿದು ನಿಲ್ಲಿಸುವದಕ್ಕೆ ಬೆರಸಿದ ಪಿಷ್ಟ ಮುಂತಾದವು ಎಷ್ಟು ಎಂಬದನ್ನು ತಕ್ಕಡಿಯು ಹೇಳಲಾರದು. ಕಣ್ಣಿಗೆ ಎಲ್ಲವೂ ಒಂದೇ ಬಿಳುಪು. ಹೀಗಿರುವಲ್ಲಿ ಆ ಅಂಕೆಯನ್ನು ಪರೀಕ್ಷಿಸುವ ಬಗೆ ಹೇಗೆ? ಇದಕ್ಕಿರುವ ಹಲವು ಮಾರ್ಗಗಳಲ್ಲಿ ವಿದ್ಯುದ್ರಾಸಾಯನಿಕ ಸಂವೇದಕ ಎಂಬ ಒಂದನ್ನು ಈ ಪಾಠದಲ್ಲಿ ವಿವರಿಸುವೆವು. ನಮ್ಮ ವಿದ್ಯಾರ್ಥಿನಿಯರು ರಸಾಯನಶಾಸ್ತ್ರದಲ್ಲಿ ಈಗಾಗಲೇ ಕಲಿತ ಸಂಗತಿಗಳೇ ಇದನ್ನು ತಿಳಿಯುವದಕ್ಕೆ ಸಾಕು.

1. ಅಂಕೆಯು ತಪ್ಪಿದರೆ ಆಗುವ ಹಾನಿ

ಮೊದಲು ಒಂದು ನಡೆದ ಸಂಗತಿಯನ್ನು ಹೇಳುವೆವು. 1941ನೆಯ ಇಸವಿಯಲ್ಲಿ ಅಮೇರಿಕದ ಸಂಯುಕ್ತ ಸಂಸ್ಥಾನದಲ್ಲಿ ಸಲ್ಫಾಥಯಾಜೋಲ್ ಎಂಬ ಮದ್ದಿನ ಗುಳಿಗೆಗಳು ಮಾರಾಟದಲ್ಲಿದ್ದವು. ಸೋಂಕಿನ ರೋಗಗಳಿಗೆ ಆ ಕಾಲದಲ್ಲಿ ಅದು ಬಹು ಉಪಯುಕ್ತವಾದ ಮದ್ದು. ಕಾರಖಾನೆಯೊಂದರಲ್ಲಿ ಈ ಗುಳಿಗೆಗಳೊಡನೆ ಫಿನೊಬಾರ್ಬಿಟಾಲ್ ಎಂಬ ನಿದ್ದೆ ಬರಿಸುವ ಮದ್ದು ಬೆರೆತುಹೋಯಿತು. ಹೊರಗಿನಿಂದ ನೋಡುವವರಿಗೆ ಭೇದವೇ ತೋರಲಿಲ್ಲ. ಗುಣವಾಗಬೇಕೆಂದು ಅವನ್ನು ನುಂಗಿದವರಲ್ಲಿ ಸತ್ತವರೂ ಹಾನಿಗೊಂಡವರೂ ಕೂಡಿ ಸುಮಾರು ಮುನ್ನೂರು ಮಂದಿ. ಮದ್ದಿನ ಕಾರಖಾನೆಗಳಲ್ಲಿ ತಯಾರಿಕೆಯ ಪ್ರತಿಯೊಂದು ಹಂತವನ್ನೂ ಪರೀಕ್ಷಿಸಿ ಬರೆದಿಡಬೇಕೆಂಬ ಕಟ್ಟುನಿಟ್ಟು ಆ ದೇಶದಲ್ಲಿ ಬಲಗೊಂಡದ್ದು ಈ ಅನಾಹುತದ ತರುವಾಯವೇ.

ವಿಷ ಬೆರೆತರೆ ಮಾತ್ರವೇ ಹಾನಿ ಎಂದು ತಿಳಿಯಬಾರದು. ಮದ್ದು ಕಡಿಮೆಯಾದರೂ ಹಾನಿಯುಂಟು. ಮಲೇರಿಯಾ, ಕ್ಷಯ ಮುಂತಾದ ರೋಗಗಳಲ್ಲಿ ಅರೆಬರೆ ಮದ್ದು ಹೊಟ್ಟೆಗೆ ಬಿದ್ದರೆ ದುರ್ಬಲವಾದ ರೋಗಾಣುಗಳು ಸತ್ತು, ಮದ್ದನ್ನು ತಾಳಿಕೊಳ್ಳಬಲ್ಲವುಗಳು ಉಳಿದು ಬೆಳೆಯುತ್ತವೆ. ಆಮೇಲೆ ಪೂರ್ತಿ ಮದ್ದು ಕೊಟ್ಟರೂ ರೋಗವು ಜಗ್ಗದು. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸುಮಾರು ಹತ್ತು ಮದ್ದುಗಳಲ್ಲಿ ಒಂದು ಕೀಳ್ಮಟ್ಟದ್ದು ಇಲ್ಲವೆ ನಕಲಿಯಾದದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ ಅಂದಾಜು ಮಾಡಿತು.

ಆದುದರಿಂದಲೇ ಪ್ರತಿಯೊಂದು ಗುಳಿಗೆಗೂ ಕಟ್ಟಳೆಯುಂಟು. 1955ರಲ್ಲಿ ಮೊದಲು ಪ್ರಕಟವಾದ ಭಾರತೀಯ ಔಷಧಕೋಶದ ಈಗಿನ ಕಟ್ಟಳೆಯಂತೆ, ಪ್ಯಾರಾಸಿಟಮಾಲ್ ಗುಳಿಗೆಯಲ್ಲಿ ಹೊದಿಕೆಯ ಮೇಲೆ ಹೇಳಿದ ಮೊತ್ತದ ನೂರಕ್ಕೆ 95ಕ್ಕಿಂತ ಕಡಿಮೆಯಾಗಲಿ 105ಕ್ಕಿಂತ ಹೆಚ್ಚಾಗಲಿ ಮದ್ದು ಇರಕೂಡದು. 500 ಮಿಲಿಗ್ರಾಮಿನ ಗುಳಿಗೆಯಲ್ಲಿ ಇದು 475ರಿಂದ 525ರ ವರೆಗೆ. ಈ ಕಿರಿದಾದ ಸಂದಿಯೊಳಗೆ ಗುಳಿಗೆಯು ಬೀಳುವದೋ ಇಲ್ಲವೋ ಎಂಬದನ್ನು ತಿಳಿಸುವದೇ ಅಳತೆಯ ಕೆಲಸ.

2. ಮೂಲತತ್ತ್ವ

ಅಡಿಗೆಮನೆಯಲ್ಲಿ ಬದನೆಕಾಯಿಯನ್ನು ಹೆಚ್ಚಿ ಹಾಗೆಯೇ ಬಿಟ್ಟರೆ ಅದು ಸ್ವಲ್ಪ ಹೊತ್ತಿನಲ್ಲಿ ಕಂದಾಗುವದನ್ನು ಎಲ್ಲರೂ ಬಲ್ಲರು. ಆದಕಾರಣ ತಾಯಂದಿರು ಹೋಳುಗಳನ್ನು ಕೂಡಲೇ ನೀರಿನಲ್ಲಿ ಹಾಕುತ್ತಾರೆ. ಈ ಬಣ್ಣಕ್ಕೆ ಕಾರಣವೇನೆಂದರೆ, ಕಾಯಿಯ ರಸದಲ್ಲಿ ಫೀನಾಲ್ ಜಾತಿಯ ವಸ್ತುಗಳಿವೆ. ಹೆಚ್ಚಿದಾಗ ಹೊರಬಿದ್ದ ಕಿಣ್ವದ ಸಹಾಯದಿಂದ ಗಾಳಿಯಲ್ಲಿರುವ ಆಮ್ಲಜನಕವು ಅವುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಇಲೆಕ್ಟ್ರಾನುಗಳನ್ನು ಕಳೆದುಕೊಂಡ ಫೀನಾಲು ಕ್ವಿನೋನ್ ಎಂಬ ಬೇರೊಂದು ವಸ್ತುವಾಗಿ, ಮುಂದೆ ಕಂದು ಬಣ್ಣವಾಗಿ ಪರಿಣಮಿಸುತ್ತದೆ. ಹೀಗೆ ಇಲೆಕ್ಟ್ರಾನುಗಳನ್ನು ಬಿಟ್ಟುಕೊಡುವದಕ್ಕೆ ಉತ್ಕರ್ಷಣ ಎಂದು ಹೆಸರು.

ಪ್ಯಾರಾಸಿಟಮಾಲ್ ಸಹ ಫೀನಾಲಿನ ಮನೆತನಕ್ಕೆ ಸೇರಿದ್ದೇ. ಅದರ ಒಂದು ಅಣುವು ಎರಡು ಇಲೆಕ್ಟ್ರಾನುಗಳನ್ನೂ ಎರಡು ಪ್ರೋಟಾನುಗಳನ್ನೂ ಬಿಟ್ಟುಕೊಟ್ಟು ಕ್ವಿನೋನ್ ಜಾತಿಯ ವಸ್ತುವಾಗಬಲ್ಲದು. ಬದನೆಕಾಯಿಯ ವಿಷಯದಲ್ಲಿ ಆಮ್ಲಜನಕವು ಮಾಡಿದ ಕೆಲಸವನ್ನು ನಾವು ಇಂಗಾಲದ ಒಂದು ಕಡ್ಡಿಯಿಂದ ಮಾಡಿಸಬಹುದು. ಈ ಕಡ್ಡಿಗೆ ವಿದ್ಯುದಗ್ರವೆಂದು ಹೆಸರು. ಗಾಳಿಯ ಆಮ್ಲಜನಕದ ಬಲವನ್ನು ನಾವು ಹೆಚ್ಚು ಕಡಿಮೆ ಮಾಡಲಾರೆವು; ವಿದ್ಯುದಗ್ರದ ಬಲವನ್ನಾದರೋ ವೋಲ್ಟುಗಳಲ್ಲಿ ನಮ್ಮ ಇಚ್ಛೆಯಂತೆ ಏರಿಸಬಹುದು, ಇಳಿಸಬಹುದು. ಮೇಲಾಗಿ ಅದು ಕಿತ್ತುಕೊಂಡ ಇಲೆಕ್ಟ್ರಾನುಗಳು ತಂತಿಯ ಮೂಲಕ ಹರಿದು ವಿದ್ಯುತ್ಪ್ರವಾಹವಾಗಿ ನಮ್ಮ ಉಪಕರಣದಲ್ಲಿ ಲೆಕ್ಕಕ್ಕೆ ಸಿಕ್ಕುತ್ತವೆ. ಅಣುಗಳನ್ನು ಕಣ್ಣಿನಿಂದ ಎಣಿಸಲು ಬಾರದು; ಅವು ಬಿಟ್ಟುಕೊಟ್ಟ ಇಲೆಕ್ಟ್ರಾನುಗಳಿಂದ ಅವುಗಳನ್ನು ಎಣಿಸಬಹುದು. ಈ ವಿದ್ಯೆಯ ಸಾರವೆಲ್ಲವೂ ಈ ಒಂದು ಮಾತಿನಲ್ಲಿ ಅಡಗಿದೆ.

ವಸ್ತುವಿನ ಮೊತ್ತಕ್ಕೂ ವಿದ್ಯುತ್ತಿನ ಮೊತ್ತಕ್ಕೂ ಕಟ್ಟಾದ ಸಂಬಂಧವಿದೆಯೆಂದು ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯವರು 1830ರ ದಶಕದಲ್ಲಿಯೇ ತೋರಿಸಿಕೊಟ್ಟರು. ಒಂದು ಮೋಲ್ ಇಲೆಕ್ಟ್ರಾನುಗಳ ವಿದ್ಯುತ್ತು ಸುಮಾರು 96,485 ಕೂಲಂಬುಗಳು. ಪ್ಯಾರಾಸಿಟಮಾಲಿನ ಒಂದು ಮೋಲಿನ ತೂಕ ಸುಮಾರು 151 ಗ್ರಾಂ. ಈ ಲೆಕ್ಕದಂತೆ 500 ಮಿಲಿಗ್ರಾಂ ಮದ್ದೆಲ್ಲವೂ ತನ್ನ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟರೆ ದೊರೆಯುವ ವಿದ್ಯುತ್ತು ಹೆಚ್ಚುಕಡಿಮೆ 638 ಕೂಲಂಬು. ಅಂದರೆ ಒಂದು ಆಂಪಿಯರ್ ಪ್ರವಾಹವು ಹತ್ತು ನಿಮಿಷಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ಹರಿದಷ್ಟು. ಆದರೆ ಸಂವೇದಕದಲ್ಲಿ ನಾವು ಮದ್ದನ್ನೆಲ್ಲಾ ಹೀಗೆ ಮುಗಿಸಿಬಿಡುವದಿಲ್ಲ. ಅನ್ನ ಬೆಂದಿದೆಯೋ ಎಂದು ತಿಳಿಯಲು ಒಂದು ಅಗುಳನ್ನು ಹಿಚುಕಿ ನೋಡುವಂತೆ, ವಿದ್ಯುದಗ್ರದ ಮೈಗೆ ಅತಿ ಸಮೀಪದಲ್ಲಿರುವ ಕೆಲವು ಅಣುಗಳನ್ನು ಮಾತ್ರ ಕೇಳಿ, ಉಳಿದವುಗಳನ್ನು ಊಹಿಸಿಕೊಳ್ಳುತ್ತೇವೆ.

3. ಉಪಕರಣವು ಬೆಳೆದು ಬಂದ ದಾರಿ

ವೋಲ್ಟನ್ನು ಮೆಲ್ಲಮೆಲ್ಲನೆ ಏರಿಸುತ್ತಾ ಹೋಗಿ, ಪ್ರವಾಹದ ಏರಿಳಿತದಿಂದ ದ್ರಾವಣದಲ್ಲಿರುವ ವಸ್ತುವನ್ನು ಗುರುತಿಸಿ ಅಳೆಯುವ ವಿಧಾನವನ್ನು ಪ್ರಾಗ್ ನಗರದ ಯಾರೋಸ್ಲಾವ್ ಹೈರೋವ್ಸ್ಕಿ ಎಂಬ ಪಂಡಿತರು 1922ರಲ್ಲಿ ಕಂಡುಹಿಡಿದರು. ಅವರ ವಿದ್ಯುದಗ್ರವು ಸಣ್ಣ ಗಾಜಿನ ಕೊಳವೆಯಿಂದ ತೊಟ್ಟುತೊಟ್ಟಾಗಿ ಬೀಳುವ ಪಾದರಸ. ಪ್ರತಿಯೊಂದು ತೊಟ್ಟಿಗೂ ಹೊಸದಾದ, ಶುದ್ಧವಾದ ಮೈ ದೊರೆಯುತ್ತಿದ್ದದ್ದೇ ಅದರ ಹೆಚ್ಚಳ. 1924ರಲ್ಲಿ ಅವರೂ ಜಪಾನಿನ ಮಾಸುಜೊ ಶಿಕಾತಾ ಎಂಬವರೂ ಕೂಡಿ, ಈ ಪ್ರವಾಹದ ನಕ್ಷೆಯನ್ನು ತಾನಾಗಿಯೇ ಬರೆದುಕೊಳ್ಳುವ ಪೋಲರೋಗ್ರಾಫ್ ಎಂಬ ಯಂತ್ರವನ್ನು ಕಟ್ಟಿದರು. ಹೈರೋವ್ಸ್ಕಿಯವರಿಗೆ 1959ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕವು ದೊರೆಯಿತು.

ಆದರೆ ಪಾದರಸವು ವಿಷ. ಮೇಲಾಗಿ ಉತ್ಕರ್ಷಣಕ್ಕೆ ಬೇಕಾದಷ್ಟು ವೋಲ್ಟನ್ನು ಏರಿಸಿದರೆ ಪಾದರಸವು ತಾನೇ ಕರಗತೊಡಗುತ್ತದೆ. ಪ್ಯಾರಾಸಿಟಮಾಲಿನಂಥ ಮದ್ದುಗಳಿಗೆ ಬೇರೆ ವಿದ್ಯುದಗ್ರವು ಬೇಕಾಯಿತು. ಅಮೇರಿಕದ ಕ್ಯಾನ್ಸಾಸ್ ವಿಶ್ವವಿದ್ಯಾಲಯದ ರಾಲ್ಫ್ ಆ್ಯಡಮ್ಸ್ ಎಂಬವರು 1958ರಲ್ಲಿ ಒಂದು ಸುಲಭವಾದ ಉಪಾಯವನ್ನು ಪ್ರಕಟಿಸಿದರು. ಗ್ರಾಫೈಟಿನ ಪುಡಿಯನ್ನು ನೀರಿನಲ್ಲಿ ಬೆರೆಯದ ಎಣ್ಣೆಯೊಡನೆ ಕಲಸಿ, ಆ ಕಣಕವನ್ನು ಸಣ್ಣ ಕೊಳವೆಯ ಬಾಯಿಗೆ ತುಂಬಿ, ಮೇಲ್ಮೈಯನ್ನು ನಯವಾದ ಕಾಗದದ ಮೇಲೆ ಉಜ್ಜಿ ನುಣುಪು ಮಾಡುವದು. ಹಿಂದಿನಿಂದ ಒಂದು ತಂತಿಯನ್ನು ಸೇರಿಸುವದು. ಇಷ್ಟೇ! ಮೈ ಮಲಿನವಾದರೆ ಸ್ವಲ್ಪ ಕಣಕವನ್ನು ಹೊರಕ್ಕೆ ನೂಕಿ ತೆಗೆದುಹಾಕಿ ಮತ್ತೆ ಉಜ್ಜಿದರೆ ಹೊಸ ಮೈ ಸಿದ್ಧ. ಬರೆಯುವ ಪೆನ್ಸಿಲಿನ ಕಡ್ಡಿಯಲ್ಲಿಯೂ ಗ್ರಾಫೈಟ್ ಇರುವದರಿಂದ ಅದನ್ನೇ ವಿದ್ಯುದಗ್ರವಾಗಿ ಉಪಯೋಗಿಸಿದ ಸಂಶೋಧಕರೂ ಇದ್ದಾರೆ. ನಮ್ಮ ನಾಡಿನಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದವರೂ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರೂ ಇಂಗಾಲದ ವಿದ್ಯುದಗ್ರಗಳಿಂದ ಮದ್ದುಗಳನ್ನು ಅಳೆಯುವ ವಿಷಯದಲ್ಲಿ ಅನೇಕ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಸಕ್ಕರೆ ಕಾಯಿಲೆಯವರು ಬೆರಳನ್ನು ಚುಚ್ಚಿ ಒಂದು ಹನಿ ರಕ್ತವನ್ನು ಸಣ್ಣ ಪಟ್ಟಿಯ ಮೇಲಿಟ್ಟು ನೋಡುವ ಉಪಕರಣಗಳಲ್ಲಿ ಬಹಳವು ಇದೇ ಮನೆತನಕ್ಕೆ ಸೇರಿದವುಗಳು.

4. ಅಳೆಯುವ ಕ್ರಮ

ಒಂದು ಸಣ್ಣ ಗಾಜಿನ ಪಾತ್ರೆಯಲ್ಲಿ ಮೂರು ವಿದ್ಯುದಗ್ರಗಳನ್ನು ಇಳಿಬಿಡುತ್ತಾರೆ. ಮದ್ದಿನೊಡನೆ ವ್ಯವಹರಿಸುವ ಇಂಗಾಲದ ವಿದ್ಯುದಗ್ರವು ಮೊದಲನೆಯದು. ಎರಡನೆಯದು ಬೆಳ್ಳಿ ಮತ್ತು ಬೆಳ್ಳಿಯ ಕ್ಲೋರೈಡಿನಿಂದಾದದ್ದು. ಬೆಟ್ಟದ ಎತ್ತರವನ್ನು ಸಮುದ್ರ ಮಟ್ಟದಿಂದ ಲೆಕ್ಕಿಸುವಂತೆ, ವೋಲ್ಟನ್ನು ಇದರಿಂದ ಲೆಕ್ಕಿಸುತ್ತಾರೆ. ಮೂರನೆಯದು ಸಾಧಾರಣವಾಗಿ ಪ್ಲಾಟಿನಮ್ ತಂತಿ. ಪ್ರವಾಹದ ಸುತ್ತನ್ನು ಪೂರ್ಣ ಮಾಡುವದು ಇದರ ಕೆಲಸ. ದ್ರಾವಣದ ಆಮ್ಲತೆಯು ಏರಿಳಿಯದಂತೆ ಬಫರ್ ಎಂಬ ಲವಣದ ನೀರನ್ನು ಹಾಕುತ್ತಾರೆ.

ಈಗ ವೋಲ್ಟನ್ನು ಸಮನಾದ ವೇಗದಿಂದ ಏರಿಸುವರು. ಮೊದಲು ಪ್ರವಾಹವು ಬಹು ಅಲ್ಪ. ಇಂಗಾಲದ ಮೇಲೆ, ಆಮ್ಲವೂ ಕ್ಷಾರವೂ ಅಲ್ಲದ ದ್ರಾವಣದಲ್ಲಿ, ಅರ್ಧ ವೋಲ್ಟಿಗೆ ಸ್ವಲ್ಪ ಮೊದಲೇ ಪ್ಯಾರಾಸಿಟಮಾಲ್ ತನ್ನ ಇಲೆಕ್ಟ್ರಾನುಗಳನ್ನು ಬಿಡತೊಡಗುತ್ತದೆ. ಪ್ರವಾಹವು ಥಟ್ಟನೆ ಏರುತ್ತದೆ. ಸಮೀಪದ ಅಣುಗಳು ಮುಗಿದ ಮೇಲೆ ದೂರದವುಗಳು ಬಂದು ಸೇರಲು ಹೊತ್ತು ಹಿಡಿಯುವದರಿಂದ ಪ್ರವಾಹವು ಮತ್ತೆ ಇಳಿಯುತ್ತದೆ. ನಕ್ಷೆಯಲ್ಲಿ ಇದು ಒಂದು ಶಿಖರದಂತೆ ಕಾಣುವದು. ಶಿಖರವು ಯಾವ ವೋಲ್ಟಿನಲ್ಲಿ ನಿಂತಿದೆಯೋ ಅದು ಮದ್ದು ಯಾವದೆಂದು ಸೂಚಿಸುತ್ತದೆ. ಶಿಖರದ ಎತ್ತರವು ಮದ್ದು ಎಷ್ಟೆಂದು ಹೇಳುತ್ತದೆ. ಪಿಷ್ಟ, ಲ್ಯಾಕ್ಟೋಸ್, ಮೆಗ್ನೀಸಿಯಮ್ ಸ್ಟಿಯರೇಟ್ ಮುಂತಾಗಿ ಗುಳಿಗೆಯಲ್ಲಿ ಬೆರಸುವ ವಸ್ತುಗಳು ಈ ವೋಲ್ಟಿನಲ್ಲಿ ಸುಮ್ಮನಿರುತ್ತವೆ. ಆದಕಾರಣ ಅವುಗಳನ್ನು ಮೊದಲೇ ಬೇರ್ಪಡಿಸುವ ಶ್ರಮವು ಉಳಿಯುತ್ತದೆ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಇದರಲ್ಲಿಯ ಅಂಕೆಗಳು ಪಾಠಕ್ಕಾಗಿ ನಾವು ಕಲ್ಪಿಸಿದವುಗಳು. ಒಂದೇ ಗುಳಿಗೆಯನ್ನು ನಂಬದೆ 20 ಗುಳಿಗೆಗಳನ್ನು ತೂಗಿದೆವು. ಒಟ್ಟು 12 ಗ್ರಾಂ, ಅಂದರೆ ಒಂದಕ್ಕೆ ಸರಾಸರಿ 600 ಮಿಲಿಗ್ರಾಂ. ಎಲ್ಲವನ್ನೂ ಕೂಡಿಸಿ ನುಣ್ಣಗೆ ಅರೆದು, ಆ ಪುಡಿಯಲ್ಲಿ 60 ಮಿಲಿಗ್ರಾಂ ತೆಗೆದುಕೊಂಡು 100 ಮಿಲಿಲೀಟರ್ ದ್ರಾವಣ ಮಾಡಿದೆವು. ಹೊದಿಕೆಯ ಅಂಕೆಯು ನಿಜವಾಗಿದ್ದರೆ ಇದರಲ್ಲಿ 50 ಮಿಲಿಗ್ರಾಂ ಮದ್ದು ಇರತಕ್ಕದ್ದು. ಇದರಲ್ಲಿ 1 ಮಿಲಿಲೀಟರನ್ನು ಬಫರಿನೊಡನೆ ಸೇರಿಸಿ 50 ಮಿಲಿಲೀಟರ್ ಮಾಡಿದರೆ, ಪ್ರತಿ ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಮದ್ದು ಇರಬೇಕಾಯಿತು.

ಇದಕ್ಕೆ ಮೊದಲೇ ಶುದ್ಧವಾದ ಪ್ಯಾರಾಸಿಟಮಾಲಿನಿಂದ ಸಂವೇದಕವನ್ನು ಪರೀಕ್ಷಿಸಿ ಇಟ್ಟಿದ್ದೇವೆ: ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಇದ್ದಾಗ 2.5, 10 ಇದ್ದಾಗ 5.0, 15 ಇದ್ದಾಗ 7.5 ಮೈಕ್ರೋ ಆಂಪಿಯರ್. ಅಂದರೆ ಪ್ರವಾಹವನ್ನು ಇಮ್ಮಡಿ ಮಾಡಿದರೆ ಮದ್ದಿನ ಅಂಕೆಯು ದೊರೆಯುತ್ತದೆ. ಈಗ ಗುಳಿಗೆಯ ದ್ರಾವಣವು 4.8 ತೋರಿಸಿತೆನ್ನೋಣ. ಆಗ ಮದ್ದು ಮಿಲಿಲೀಟರಿಗೆ 9.6 ಮೈಕ್ರೋಗ್ರಾಂ, 50 ಮಿಲಿಲೀಟರಿನಲ್ಲಿ 480 ಮೈಕ್ರೋಗ್ರಾಂ, ಮೊದಲಿನ 100 ಮಿಲಿಲೀಟರಿನಲ್ಲಿ 48 ಮಿಲಿಗ್ರಾಂ, 600 ಮಿಲಿಗ್ರಾಮಿನ ಇಡೀ ಗುಳಿಗೆಯಲ್ಲಿ 480 ಮಿಲಿಗ್ರಾಂ. ನೂರಕ್ಕೆ 96. ಗುಳಿಗೆಯು ಕಟ್ಟಳೆಯೊಳಗೆ ಬಿದ್ದಿತು.

5. ಸಂವೇದಕವನ್ನೂ ಪರೀಕ್ಷಿಸತಕ್ಕದ್ದು

ಇಷ್ಟಕ್ಕೆ ತೃಪ್ತಿಪಟ್ಟು ಪುಸ್ತಕವನ್ನು ಮುಚ್ಚಿಡುವವರು ಒಳ್ಳೆಯ ಪರೀಕ್ಷಕರಾಗಲಾರರು. ಗುಳಿಗೆಯು ಸುಳ್ಳು ಹೇಳಬಹುದಾದಂತೆ ಸಂವೇದಕವೂ ಸುಳ್ಳು ಹೇಳಬಹುದು. ಅದಕ್ಕೆ ಮುಖ್ಯವಾಗಿ ಮೂರು ಕಾರಣಗಳುಂಟು.

ಮೊದಲನೆಯದು ಆಮ್ಲತೆ. ಪ್ಯಾರಾಸಿಟಮಾಲ್ ಇಲೆಕ್ಟ್ರಾನುಗಳೊಡನೆ ಪ್ರೋಟಾನುಗಳನ್ನೂ ಬಿಡುವದರಿಂದ, ದ್ರಾವಣದ ಪಿ.ಎಚ್. ಒಂದು ಅಂಕೆ ಬದಲಾದರೆ ಶಿಖರವು ಸುಮಾರು 0.059 ವೋಲ್ಟಿನಷ್ಟು ಸರಿಯುತ್ತದೆ. ಬಫರಿಲ್ಲದೆ ಅಳೆದರೆ ಒಂದು ಮದ್ದನ್ನು ಮತ್ತೊಂದೆಂದು ತಿಳಿಯುವ ಅಪಾಯವುಂಟು.

ಎರಡನೆಯದು ಜೊತೆಗಾರರು. ತಲೆನೋವಿನ ಕೆಲವು ಗುಳಿಗೆಗಳಲ್ಲಿ ಪ್ಯಾರಾಸಿಟಮಾಲಿನೊಡನೆ ಕೆಫೀನ್ ಇರುತ್ತದೆ. ಕೆಫೀನಿನ ಶಿಖರವು ಒಂದು ವೋಲ್ಟಿನ ಆಚೆಗೆ ಬರುವದರಿಂದ ತೊಂದರೆಯಿಲ್ಲ; ಒಂದೇ ಓಟದಲ್ಲಿ ಎರಡನ್ನೂ ಅಳೆಯಬಹುದು. ಸಿ ಜೀವಸತ್ವವು ಜೊತೆಗಿದ್ದರಾದರೋ ಬರಿಯ ಇಂಗಾಲದ ಮೇಲೆ ಅದರ ಅಗಲವಾದ ಅಲೆಯು ಮದ್ದಿನ ಶಿಖರದ ಬುಡಕ್ಕೆ ಚಾಚಬಹುದು. ಇವುಗಳನ್ನು ದೂರ ಮಾಡುವದಕ್ಕೆಂದೇ ಸಂಶೋಧಕರು ವಿದ್ಯುದಗ್ರದ ಮೈಗೆ ಇಂಗಾಲದ ಅತಿ ಸೂಕ್ಷ್ಮ ನಳಿಕೆಗಳನ್ನೋ ಲೋಹದ ಕಣಗಳನ್ನೋ ತೆಳುವಾದ ಪಾಲಿಮರಿನ ಪೊರೆಯನ್ನೋ ಲೇಪಿಸುತ್ತಾರೆ.

ಮೂರನೆಯದು ಮಾಲಿನ್ಯ. ಉತ್ಕರ್ಷಣದಿಂದ ಹುಟ್ಟಿದ ವಸ್ತುಗಳೂ ದ್ರಾವಣದಲ್ಲಿರುವ ಅಂಟುಗಳೂ ವಿದ್ಯುದಗ್ರಕ್ಕೆ ಹತ್ತಿಕೊಳ್ಳುತ್ತವೆ. ಮಸಿ ಹಿಡಿದ ಲಾಂದ್ರದ ಬೆಳಕು ಕುಂದುವಂತೆ ಆಗ ಪ್ರವಾಹವು ಕುಂದುತ್ತದೆ. ಗುಳಿಗೆಯಲ್ಲಿ ಮದ್ದು ಪೂರ್ತಿಯಿದ್ದರೂ ಸಂವೇದಕವು ಕಡಿಮೆಯೆಂದು ದೂರು ಹೇಳುತ್ತದೆ.

ಈ ಕೊನೆಯ ದೋಷಕ್ಕೆ ಬಹು ಸೊಗಸಾದ ಪರಿಹಾರವಿದೆ. ಅದೆಂತೆಂದರೆ, ಗುಳಿಗೆಯ ದ್ರಾವಣವನ್ನು ಅಳೆದ ತರುವಾಯ, ಅದೇ ಪಾತ್ರೆಗೆ ಗೊತ್ತಾದಷ್ಟು ಶುದ್ಧ ಮದ್ದನ್ನು ಒಂದೆರಡು ಹನಿಯಲ್ಲಿ ಸೇರಿಸಿ ಮತ್ತೆ ಅಳೆಯುವದು. ಒಂದು ದ್ರಾವಣವು ಮೊದಲು 4.0 ಮೈಕ್ರೋ ಆಂಪಿಯರ್ ತೋರಿಸಿತೆನ್ನೋಣ. ಮೊದಲಿನ ಲೆಕ್ಕದಂತೆ ಇದು ಮಿಲಿಲೀಟರಿಗೆ 8 ಮೈಕ್ರೋಗ್ರಾಂ, ಗುಳಿಗೆಗೆ 400 ಮಿಲಿಗ್ರಾಂ. ಗುಳಿಗೆಯು ತಿರಸ್ಕಾರಕ್ಕೆ ಯೋಗ್ಯವೆಂದು ತೋರುತ್ತದೆ. ಈಗ ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಹೆಚ್ಚುವಷ್ಟು ಶುದ್ಧ ಮದ್ದನ್ನು ಸೇರಿಸಿದೆವು. ಪ್ರವಾಹವು 2.5 ಏರಬೇಕಾಗಿತ್ತು, ಏರಿದ್ದು 2.0 ಮಾತ್ರ. ನಾವೇ ಸೇರಿಸಿದ ಮದ್ದನ್ನು ಕಡಿಮೆಯಾಗಿ ಎಣಿಸಿದ ಸಂವೇದಕವು ಗುಳಿಗೆಯ ಮದ್ದನ್ನೂ ಅಷ್ಟೇ ಕಡಿಮೆಯಾಗಿ ಎಣಿಸಿದೆಯೆಂಬದು ಸ್ಪಷ್ಟ. 2.0ಕ್ಕೆ 5 ಮೈಕ್ರೋಗ್ರಾಂ ಆದರೆ 4.0ಕ್ಕೆ 10, ಗುಳಿಗೆಯಲ್ಲಿ ಸರಿಯಾಗಿ 500 ಮಿಲಿಗ್ರಾಂ ಉಂಟು. ಈ ಎರಡನೆಯ ಅಳತೆಯನ್ನು ಮಾಡದಿದ್ದರೆ ನಿರ್ದೋಷಿಯಾದ ತಯಾರಕನಿಗೆ ಶಿಕ್ಷೆಯಾಗುತ್ತಿತ್ತು. ರೋಗಿಗಳಿಗೆ ಸಲ್ಲಬೇಕಾದ ಒಳ್ಳೆಯ ಮದ್ದು ಬೆಂಕಿಯ ಪಾಲಾಗುತ್ತಿತ್ತು. ಇದಕ್ಕೆ ತದ್ವಿರುದ್ಧವಾಗಿ, ಜೊತೆಗಾರ ವಸ್ತುವೊಂದು ಶಿಖರವನ್ನು ಎತ್ತರಿಸಿದ್ದರೆ ಕೆಟ್ಟ ಗುಳಿಗೆಯು ಒಳ್ಳೆಯದೆಂಬ ಹೆಸರು ಪಡೆದೀತು. ಈ ತಪ್ಪನ್ನು ಹನಿ ಸೇರಿಸುವ ಉಪಾಯವು ಸರಿಪಡಿಸಲಾರದು. ಅದಕ್ಕೆ ಶಿಖರಗಳನ್ನು ಬೇರ್ಪಡಿಸಿಯೇ ತೀರಬೇಕು.

6. ಇದರ ಉಪಯೋಗವೂ ಎಲ್ಲೆಯೂ

ಸರಕಾರದ ಪ್ರಯೋಗಶಾಲೆಗಳಲ್ಲಿಯೂ ಕಾರಖಾನೆಗಳಲ್ಲಿಯೂ ಗುಳಿಗೆಗಳನ್ನು ಪರೀಕ್ಷಿಸಲು ಎಚ್.ಪಿ.ಎಲ್.ಸಿ. ಎಂಬ ಯಂತ್ರವು ಹೆಚ್ಚಾಗಿ ಬಳಕೆಯಲ್ಲಿದೆ. ಅದು ದ್ರಾವಣವನ್ನು ಬಲವಾದ ಒತ್ತಡದಿಂದ ಕಿರಿದಾದ ನಳಿಕೆಯಲ್ಲಿ ಹಾಯಿಸಿ, ವಸ್ತುಗಳನ್ನು ಒಂದೊಂದಾಗಿ ಬೇರ್ಪಡಿಸಿ ಅಳೆಯುತ್ತದೆ. ಅದರ ಮಾತು ಬಹಳ ನೆಚ್ಚತಕ್ಕದ್ದು. ಆದರೆ ಬೆಲೆಯು ಲಕ್ಷಾಂತರ ರೂಪಾಯಿ, ಬೇಕಾಗುವ ದ್ರವಗಳು ದುಬಾರಿ. ವಿದ್ಯುದ್ರಾಸಾಯನಿಕ ಸಂವೇದಕವಾದರೋ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಬಲ್ಲದು. ಕೆಲವು ನಿಮಿಷಗಳಲ್ಲಿ ಉತ್ತರ ಕೊಡುವದು. ಬಹುಮಟ್ಟಿಗೆ ಲವಣದ ನೀರಿನಲ್ಲಿಯೇ ಕೆಲಸ ಮಾಡುವದು. ಆದುದರಿಂದ ದೂರದ ಊರುಗಳಲ್ಲಿ ಸಂಶಯಕ್ಕೆ ಗುರಿಯಾದ ಗುಳಿಗೆಗಳನ್ನು ಮೊದಲು ಆರಿಸಿ ತೆಗೆಯುವದಕ್ಕೆ ಇದು ತಕ್ಕ ಸಾಧನ. ಹಾಗೆ ಆರಿಸಿದ್ದನ್ನು ದೊಡ್ಡ ಪ್ರಯೋಗಶಾಲೆಗೆ ಕಳುಹಿಸಿ, ಔಷಧಕೋಶದಲ್ಲಿ ಹೇಳಿದ ವಿಧಾನದಿಂದ ನಿರ್ಣಯಿಸತಕ್ಕದ್ದು.

ಕೇಳದ ಪ್ರಶ್ನೆಗೆ ಸಂವೇದಕವು ಉತ್ತರ ಕೊಡುವದಿಲ್ಲ ಎಂಬದನ್ನು ಮರೆಯಬಾರದು. ಪ್ಯಾರಾಸಿಟಮಾಲಿನ ಶಿಖರವೊಂದನ್ನೇ ನೋಡುವವನಿಗೆ, ಆ ವೋಲ್ಟುಗಳಲ್ಲಿ ಸುಮ್ಮನಿರುವ ವಿಷವೊಂದು ಬೆರೆತಿದ್ದರೂ ಕಾಣಿಸದು. ಗುಳಿಗೆಯು ಹೊಟ್ಟೆಯಲ್ಲಿ ಹೊತ್ತಿಗೆ ಸರಿಯಾಗಿ ಕರಗುವದೋ ಎಂಬದೂ ಇದರಿಂದ ತಿಳಿಯದು. ಅರೆದು ಪುಡಿ ಮಾಡಿದ ಮೇಲೆ ಆ ಗುಣವೇ ಅಳಿದಿರುತ್ತದೆ. ಅದಕ್ಕೆ ಬೇರೆ ಪರೀಕ್ಷೆಗಳುಂಟು.

ಪಾಠವನ್ನು ಓದಿದವರು ಮಾಡತಕ್ಕ ಲೆಕ್ಕ

ಎರಡು ಪೆಟ್ಟಿಗೆಗಳಿಂದ ತೆಗೆದ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಗುಳಿಗೆಗಳಿಂದ, ಮೇಲೆ ಹೇಳಿದ ಕ್ರಮದಲ್ಲಿಯೇ ದ್ರಾವಣಗಳನ್ನು ಮಾಡಿದೆ. ಎರಡೂ ಮೊದಲು 4.5 ಮೈಕ್ರೋ ಆಂಪಿಯರ್ ತೋರಿಸಿದವು. ಮಿಲಿಲೀಟರಿಗೆ 5 ಮೈಕ್ರೋಗ್ರಾಂ ಹೆಚ್ಚುವಷ್ಟು ಶುದ್ಧ ಮದ್ದನ್ನು ಸೇರಿಸಿದ ಮೇಲೆ ಮೊದಲನೆಯದು 7.0, ಎರಡನೆಯದು 6.75 ತೋರಿಸಿತು. ಪ್ರತಿಯೊಂದು ಪೆಟ್ಟಿಗೆಯ ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಮದ್ದು ಇದೆ? ಯಾವ ಪೆಟ್ಟಿಗೆಯನ್ನು ರೋಗಿಗೆ ಕೊಡಬಹುದು, ಯಾವದನ್ನು ಕೊಡಕೂಡದು? ಮೊದಲಿನ ಅಂಕೆಯನ್ನು ಮಾತ್ರ ನೋಡಿದ್ದರೆ ಆಗುತ್ತಿದ್ದ ಅನ್ಯಾಯವು ಯಾರಿಗೆ?